ರಂಗಭಾವನ ಕಾಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನಾಥಸ್ವಾಮಿ ದೇವಾಲಯ ಹುಲಿ ಸಂರಕ್ಷಿತ ಪ್ರದೇಶವನ್ನು ಕುರಿತು ಪ್ರಕಟವಾದ ಚಿತ್ರಲೇಖನಕ್ಕೆ ನಾವು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಪತ್ರಗಳು ಬಂದಿವೆ. ಕೆಲವರು ಹುಲಿಯ ಲೆಕ್ಕ ಕೇಳಿದ್ದಾರೆ, ಕೆಲವರು ದೇವರ ಕಥೆ ಕೇಳಿದ್ದಾರೆ, ಇಬ್ಬರು ಮೂವರು ನಮ್ಮನ್ನು ತರಾಟೆಗೂ ತೆಗೆದುಕೊಂಡಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಲಾಗಿದೆ. ಕಥೆಗೆ ಸಂಬಂಧಿಸಿದ ಪ್ರಶ್ನೆಗಳನ್ನು ಕಾಡಿಗೆ ಸಂಬಂಧಿಸಿದವುಗಳಿಂದ ಬೇರೆ ಮಾಡಿ ಜೋಡಿಸಲು ಮೊದಲು ಪ್ರಯತ್ನಿಸಿದೆವು. ಈ ಬೆಟ್ಟದ ಮಟ್ಟಿಗೆ ಅದು ಸಾಧ್ಯವಾಗಲಿಲ್ಲ.

ಪ್ರಶ್ನೆ: ಬಿಳಿಗಿರಿ ಎಂದರೆ ಬಿಳಿಯ ಬೆಟ್ಟವಷ್ಟೆ? ನೀವು ಅಚ್ಚು ಹಾಕಿದ ಚಿತ್ರಗಳಲ್ಲಿ ಹಸಿರಲ್ಲದೆ ಬೇರೇನೂ ಕಾಣಲಿಲ್ಲ. ಈ ಬೆಟ್ಟಸಾಲು ಪೂರ್ವಘಟ್ಟಕ್ಕೆ ಸೇರಿದ್ದೋ ಪಶ್ಚಿಮಘಟ್ಟಕ್ಕೆ ಸೇರಿದ್ದೋ ಎಂಬುದನ್ನೂ ತಿಳಿಸಿ. (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಯಳಂದೂರಿನ ಕಡೆಯಿಂದ ಬೆಟ್ಟಕ್ಕೆ ಹೊರಟವರಿಗೆ ಹೆಸರಿನ ಕಾರಣ ದೂರದಿಂದಲೇ ಕಾಣಿಸುತ್ತದೆ. ದೇವಾಲಯ ನಿಂತಿರುವ ಬಂಡೆಯ ಪಶ್ಚಿಮದ ಮೈ ಕಡಿದು ಇಳಿದಿದ್ದು, ಮಧ್ಯಾಹ್ನದ ನಂತರದ ಬಿಸಿಲಿನಲ್ಲಿ ಸುಣ್ಣ ಬಳಿದ ಗೋಡೆಯಂತೆ ಹೊಳೆಯುತ್ತದೆ. ವರ್ಷದ ಬಹುಪಾಲು ಬೆಟ್ಟದ ನೆತ್ತಿಗೆ ಅಂಟಿಕೊಂಡಿರುವ ಮಂಜಿನಿಂದ ಈ ಹೆಸರು ಬಂದಿತೆಂದು ಹೇಳುವವರೂ ಇದ್ದಾರೆ. ಸಂಸ್ಕೃತದವರು ಶ್ವೇತಾದ್ರಿ ಎಂದು ಕರೆದರು. ನಮ್ಮ ಛಾಯಾಗ್ರಾಹಕರು ಮಳೆಗಾಲ ಮುಗಿದ ಮೇಲೆ, ಕಾಡಿನ ಒಳಗಿನಿಂದ ಚಿತ್ರ ತೆಗೆದಿದ್ದರಿಂದ ತಮಗೆ ಆ ಬಿಳುಪು ಕಾಣಲಿಲ್ಲ.

ಎರಡನೆಯ ಪ್ರಶ್ನೆ ಮೇಲ್ನೋಟಕ್ಕೆ ಸಣ್ಣದು, ಆದರೆ ಈ ಕಾಡಿನ ಗುಟ್ಟು ಅದರಲ್ಲಿಯೇ ಇದೆ. ಉತ್ತರದಿಂದ ದಕ್ಷಿಣಕ್ಕೆ ಚಾಚಿರುವ ಈ ಸಾಲು ಎರಡೂ ಘಟ್ಟಗಳ ನಡುವೆ ಸೇತುವೆಯಂತೆ ಕುಳಿತಿದೆ. ಇದರಿಂದಾಗಿ ನೈಋತ್ಯ ಮಾರುತದ ಮಳೆಯೂ ಈಶಾನ್ಯ ಮಾರುತದ ಮಳೆಯೂ ಇಲ್ಲಿ ಬೀಳುತ್ತವೆ, ಎರಡೂ ಕಡೆಯ ಗಿಡಮರ ಪ್ರಾಣಿಗಳೂ ಇಲ್ಲಿ ಸೇರಿಕೊಂಡಿವೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ತಪ್ಪಲಿನಲ್ಲಿ ಕುರುಚಲು ಕಾಡು ಆರಂಭವಾಗುತ್ತದೆ. ಜಾಲಿ, ಕಾರೆ, ಬಾಗೆಗಳನ್ನು ದಾಟಿ ಮೇಲೇರಿದರೆ ಮತ್ತಿ, ದಿಂಡಿಗ, ಹೊನ್ನೆ, ನೆಲ್ಲಿ ಇರುವ ಎಲೆ ಉದುರುವ ಕಾಡು ಬರುತ್ತದೆ. ಇನ್ನೂ ಮೇಲೆ ಹಳ್ಳದ ಮಗ್ಗುಲುಗಳಲ್ಲಿ ಸದಾ ಹಸಿರಾದ ಕಾನು ಸಿಗುತ್ತದೆ. 1800 ಮೀಟರ್ ಸಮೀಪಿಸುವ ಕತ್ತರಿಬೆಟ್ಟದಂತಹ ಶಿಖರಗಳ ಹತ್ತಿರ ಬೋಳು ಹುಲ್ಲುಗುಡ್ಡಗಳೂ, ಅವುಗಳ ಮಡಿಲಿನಲ್ಲಿ ಗಿಡ್ಡ ಮರಗಳ ಶೋಲಾ ಕಾಡೂ ಇವೆ. ಒಂದು ಬೆಳಗಿನ ನಡಿಗೆಯಲ್ಲಿ ಮಲೆನಾಡನ್ನೂ ಬಯಲುಸೀಮೆಯನ್ನೂ ಕಂಡು ಬರಬಹುದಾದ ಜಾಗಗಳು ನಮ್ಮ ರಾಜ್ಯದಲ್ಲಿ ಹೆಚ್ಚು ಇಲ್ಲ. 1974ರಲ್ಲಿ ದೇವಾಲಯದ ಸುತ್ತಲಿನ ಕಾಡನ್ನು ವನ್ಯಧಾಮವೆಂದು ಘೋಷಿಸಲಾಯಿತು, 1987ರಲ್ಲಿ ಅದನ್ನು ಸುಮಾರು 540 ಚದರ ಕಿಲೋಮೀಟರಿಗೆ ಹಿಗ್ಗಿಸಲಾಯಿತು, 2011ರ ಜನವರಿಯಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು.

ಪ್ರಶ್ನೆ: ಬಿಳಿಗಿರಿರಂಗನಿಗೆ ಭಕ್ತರು ಚರ್ಮದ ಚಪ್ಪಲಿಯನ್ನು ಹರಕೆಯಾಗಿ ಒಪ್ಪಿಸುತ್ತಾರೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ದೇವರಿಗೆ ಚರ್ಮದ ಚಪ್ಪಲಿಯೇ? ಈ ಕಾಡಿನ ಮೂಲನಿವಾಸಿಗಳಾದ ಸೋಲಿಗರು ಆ ದೇವರನ್ನು ಭಾವ ಎಂದು ಕರೆಯುತ್ತಾರೆಂಬುದೂ ನಿಜವೇ? (ಓದುಗರೊಬ್ಬರು, ಬೆಂಗಳೂರು)

ಉತ್ತರ: ತಮ್ಮ ಅಜ್ಜಿಯವರು ಹೇಳಿದ್ದು ಸರಿ. ಚಾಮರಾಜನಗರ ಸೀಮೆಯ ಬೂದಿತಿಟ್ಟು ಗ್ರಾಮದ ಪರಿಶಿಷ್ಟ ಜಾತಿಯ ಭಕ್ತರು ಎರಡು ವರ್ಷಕ್ಕೊಮ್ಮೆ ರಂಗನಾಥನಿಗೆ ಒಂದು ಜೊತೆ ಚಪ್ಪಲಿ ಒಪ್ಪಿಸುತ್ತಾರೆ. ಚಪ್ಪಲಿಯ ಉದ್ದ ಒಂದು ಅಡಿ ಒಂಬತ್ತು ಅಂಗುಲ. ಕಲ್ಲುಮುಳ್ಳಿನ ಕಾಡಿನಲ್ಲಿ ಸ್ವಾಮಿ ಬೇಟೆಗೆ ಅಲೆಯುತ್ತಾನೆ, ಅಲೆದಷ್ಟೂ ಮೆಟ್ಟು ಸವೆಯುತ್ತದೆ, ಆದ್ದರಿಂದ ಹೊಸ ಮೆಟ್ಟು ಬೇಕು ಎಂಬುದು ನಂಬಿಕೆ. ದರ್ಶನಕ್ಕೆ ಬಂದವರು ಆ ಪಾದುಕೆಯನ್ನು ತಲೆಗೆ ತಾಗಿಸಿಕೊಂಡು ಆಶೀರ್ವಾದ ಪಡೆಯುತ್ತಾರೆ. ಗರ್ಭಗುಡಿಯಲ್ಲಿ ಪೂಜೆಗೊಳ್ಳುವ ವೈಷ್ಣವ ದೇವರು, ಅವನ ಪಾದರಕ್ಷೆ ಹೊಲಿಯುವ ಹಕ್ಕು ಊರಿನ ಅಂಚಿಗೆ ತಳ್ಳಲ್ಪಟ್ಟವರದು, ಅದನ್ನು ಶಿರದ ಮೇಲೆ ಇರಿಸಿಕೊಳ್ಳುವವರು ಎಲ್ಲ ಜಾತಿಯವರು: ಈ ಮೂರನ್ನೂ ಒಟ್ಟಿಗೆ ನೋಡಿದಾಗ ನಮ್ಮ ಜಾತ್ರೆಗಳು ನಾವು ತಿಳಿದಷ್ಟು ಸರಳವಲ್ಲ ಎನ್ನಿಸುತ್ತದೆ.

ಭಾವನ ಸಂಗತಿಯೂ ಈ ಬೇಟೆಯಿಂದಲೇ ಹುಟ್ಟಿದ್ದು. ಕಾಡಿನಲ್ಲಿ ಅಲೆಯುತ್ತಿದ್ದ ರಂಗಪ್ಪನ ಕಣ್ಣಿಗೆ ಸೋಲಿಗರ ಹುಡುಗಿ ಕುಸುಮಾಲೆ ಬಿದ್ದಳು. ಮನಸೋತ ಅವನು ಅವಳನ್ನು ಕೈಹಿಡಿದನು. ಹೇಳುವವರು ಯಾರು, ಯಾವ ಪೋಡಿನವರು (ಪೋಡು ಎಂದರೆ ಸೋಲಿಗರ ಹಾಡಿ) ಎಂಬುದನ್ನು ಅನುಸರಿಸಿ ಕಥೆಯ ವಿವರಗಳು ಬದಲಾಗುತ್ತವೆಯಾದರೂ ಸಂಬಂಧ ಮಾತ್ರ ಬದಲಾಗುವುದಿಲ್ಲ. ಅಕ್ಕತಂಗಿಯ ಗಂಡ ಭಾವನಲ್ಲದೆ ಇನ್ನೇನು? ಆದ್ದರಿಂದಲೇ ಸೋಲಿಗರ ಪಾಲಿಗೆ ಅವನು ರಂಗಭಾವ. ಬಯಲಿನಿಂದ ಬಂದವರು ಕೈಮುಗಿದು ದೂರ ನಿಲ್ಲುವ ದೇವರೊಡನೆ ಸೋಲಿಗರು ಸಲಿಗೆಯಿಂದ ಮಾತನಾಡುತ್ತಾರೆ, ಬೇಕಾದರೆ ಬೈಯುತ್ತಾರೆ.

ಲೇಖನದಲ್ಲಿ ಬಿಟ್ಟುಹೋಗಿದ್ದ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ರಂಗನಾಥ ಸೋಲಿಗರಿಗೆ ನೆಂಟನಾದರೆ, ಅವರು ತಮ್ಮ ಮೂಲಪುರುಷನೆಂದು ನೆನೆಯುವುದು ಕಾರಯ್ಯನನ್ನು. ನೆರೆಯ ಮಲೆ ಮಹದೇಶ್ವರ ಬೆಟ್ಟದ ಕಂಸಾಳೆಯವರು ಹಾಡುವ ಮಾದಪ್ಪನ, ಅಂದರೆ ಮಹದೇಶ್ವರನ, ಕಾವ್ಯದಲ್ಲಿ ಸೋಲಿಗರ ನೀಲೇಗೌಡ ತನ್ನ ಹೆಂಡತಿ ಸಂಕಮ್ಮನ ಮೇಲೆ ಅನುಮಾನಪಟ್ಟು ಅವಳನ್ನು ಹಿಂಸಿಸುವ ಭಾಗವಿದೆ. ಕಾಡಿನಲ್ಲಿ ಒಂಟಿಯಾದ ಸಂಕಮ್ಮನಿಗೆ ಮಾದಪ್ಪ ಒಲಿದು ಕೊಟ್ಟ ಅವಳಿ ಮಕ್ಕಳೇ ಕಾರಯ್ಯ, ಬಿಲ್ಲಯ್ಯ. ತಮ್ಮ ಹುಟ್ಟನ್ನು ಬಿದಿರಿಗೆ ಜೋಡಿಸುವ ಇನ್ನೊಂದು ಕಥೆಯೂ ಸೋಲಿಗರಲ್ಲಿ ಬಳಕೆಯಲ್ಲಿದೆ. ಇವುಗಳಲ್ಲಿ ಯಾವುದು ಸರಿ ಎಂದು ಕೇಳುವ ಅಭ್ಯಾಸ ಓದುಬರಹದವರದು. ಪೋಡಿನ ಜಗಲಿಯಲ್ಲಿ ಅವೆಲ್ಲವೂ ಜಗಳವಿಲ್ಲದೆ ಕುಳಿತಿರುತ್ತವೆ.

ಪ್ರಶ್ನೆ: ದೊಡ್ಡಸಂಪಿಗೆ ಮರಕ್ಕೆ ಎರಡು ಸಾವಿರ ವರ್ಷ ವಯಸ್ಸಾಗಿದೆ ಎಂದು ಒಂದು ಕಡೆ, ಆರುನೂರು ವರ್ಷವೆಂದು ಇನ್ನೊಂದು ಕಡೆ ಓದಿದೆ. ಯಾವುದನ್ನು ನಂಬಬೇಕು? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಎರಡನ್ನೂ ಲೆಕ್ಕವೆಂದು ನಂಬದಿದ್ದರೆ ಒಳ್ಳೆಯದು. ಶೀತವಲಯದ ಮರಗಳಂತೆ ನಮ್ಮ ಉಷ್ಣವಲಯದ ಎಲ್ಲ ಮರಗಳೂ ವರ್ಷಕ್ಕೊಂದು ಸ್ಪಷ್ಟವಾದ ಉಂಗುರವನ್ನು ಕಾಂಡದೊಳಗೆ ಬರೆಯುವುದಿಲ್ಲ. ಬರೆದರೂ ದೈವವೆಂದು ಪೂಜೆಗೊಳ್ಳುವ ಮರವನ್ನು ಕೊರೆದು ಎಣಿಸಲು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆರುನೂರು, ಸಾವಿರ, ಎರಡು ಸಾವಿರ ಎಂಬ ಅಂಕಿಗಳು ‘ನಮ್ಮ ತಾತನ ತಾತನಿಗೂ ಹಿಂದಿನದು’ ಎಂಬ ಮಾತಿನ ಬೇರೆ ಬೇರೆ ರೂಪಗಳು.

ಕಣ್ಣಿಗೆ ಕಾಣುವುದನ್ನು ಹೇಳಬಹುದು. ಭಾರ್ಗವಿ ಹಳ್ಳದ ಬಳಿ, ದಟ್ಟವಾದ ಕಾನಿನ ನಡುವೆ, ಮೂವತ್ತು ಮೀಟರಿಗೂ ಮಿಗಿಲಾದ ಎತ್ತರಕ್ಕೆ ಈ ಸಂಪಿಗೆ ನಿಂತಿದೆ. ಬುಡ ಒಂದೇ ಕಾಂಡದಂತಿಲ್ಲ. ಹಲವು ಕಾಂಡಗಳು ಹೆಣೆದುಕೊಂಡು ಗಂಟುಗಂಟಾಗಿ ಹಬ್ಬಿದಂತಿದ್ದು, ಅದನ್ನು ತಬ್ಬಲು ಹತ್ತಾರು ಜನ ಕೈಕೈ ಹಿಡಿಯಬೇಕಾಗುತ್ತದೆ. ಬುಡದ ಸುತ್ತ ಸಾಲಾಗಿ ಸಣ್ಣ ಲಿಂಗಗಳು, ನೆಲಕ್ಕೆ ನೆಟ್ಟ ತ್ರಿಶೂಲಗಳು. ಗುಡಿಯಿಲ್ಲ, ಗೋಪುರವಿಲ್ಲ. ಮರವೇ ಗುಡಿಯಾದ್ದರಿಂದ ಅವುಗಳ ಅಗತ್ಯವೂ ಬೀಳಲಿಲ್ಲ. ಬಯಲಿನ ಪುರಾಣ ಈ ಹಳ್ಳಕ್ಕೆ ಭಾರ್ಗವನಾದ ಪರಶುರಾಮನ ಹೆಸರನ್ನು ಅಂಟಿಸಿದೆ. ಸೋಲಿಗರಿಗೆ ಅದರ ಹಂಗು ಅಷ್ಟಾಗಿಲ್ಲ, ಅವರು ದೊಡ್ಡಸಂಪಿಗೆ ಎಂದರೆ ಸಾಕು, ಅದು ದೇವರ ಹೆಸರೇ ಆಯಿತು.

ಪ್ರಶ್ನೆ: ಸೋಲಿಗರು ಹಿಂದೆ ಕಾಡಿಗೆ ಬೆಂಕಿ ಇಡುತ್ತಿದ್ದರೆಂದು ಬರೆದಿದ್ದೀರಿ. ಬರೆದ ಧಾಟಿ ನೋಡಿದರೆ ಅದನ್ನು ಹೊಗಳಿದಂತಿದೆ. ಪ್ರತಿ ಬೇಸಿಗೆಯಲ್ಲಿ ಕಾಡು ಸುಟ್ಟು ಬೂದಿಯಾಗುವುದನ್ನು ಕಣ್ಣಾರೆ ಕಂಡ ನನ್ನಂಥವರಿಗೆ ಇದು ಬೇಜವಾಬ್ದಾರಿಯ ಬರಹವೆಂದು ತೋರಿತು. (ಓದುಗರೊಬ್ಬರು, ಶಿರಸಿ)

ಉತ್ತರ: ತಮ್ಮ ಸಿಟ್ಟಿಗೆ ಕಾರಣವಿದೆ, ನಮ್ಮ ವಾಕ್ಯವೂ ಅಗತ್ಯಕ್ಕಿಂತ ಚಿಕ್ಕದಾಗಿತ್ತು. ಆದ್ದರಿಂದ ಇಲ್ಲಿ ಸ್ವಲ್ಪ ದೀರ್ಘವಾಗಿ ಹೇಳುತ್ತೇವೆ.

ಬೆಂಕಿಯಲ್ಲಿ ಎರಡು ಬಗೆ. ಮಾರ್ಚ್ ಏಪ್ರಿಲ್ ತಿಂಗಳಲ್ಲಿ, ಒಣಗಿ ಗರಿಗರಿಯಾದ ಪೊದೆಯನ್ನು ಹಿಡಿದು ಮರದ ನೆತ್ತಿಗೆ ಏರುವ ಬೆಂಕಿ ಒಂದು. ತಾವು ಕಂಡದ್ದು ಬಹುಶಃ ಅದನ್ನು. ಇನ್ನೊಂದು ಸೋಲಿಗರು ತರಗು ಬೆಂಕಿ ಎಂದು ಕರೆಯುವಂಥದ್ದು. ಎಲೆ ಉದುರಲು ಆರಂಭವಾಗಿ, ನೆಲದಲ್ಲಿ ಇನ್ನೂ ತೇವ ಉಳಿದಿರುವಾಗಲೇ, ಬೇಸಿಗೆ ಬಲಿಯುವ ಮೊದಲು, ತರಗೆಲೆಗೆ ಮಾತ್ರ ತಾಗುವಂತೆ ಹಚ್ಚುವ ಬೆಂಕಿ ಅದು. ಮೊಣಕಾಲೆತ್ತರ ಮೀರದೆ, ತೇವ ಸಿಕ್ಕಲ್ಲಿ ತಾನಾಗಿಯೇ ನಂದಿ, ಒಂದು ತುಂಡು ಸುಟ್ಟು ಪಕ್ಕದ ತುಂಡು ಬಿಟ್ಟು ಸಾಗುತ್ತಿತ್ತು. ಕಾಡು ತಿರುಗಲು ದಾರಿ ತೆರೆಯುವುದು, ಹೊಸ ಹುಲ್ಲು ಚಿಗುರಿಸುವುದು, ಉಣ್ಣೆ ಹುಳುಗಳನ್ನು ಕಡಿಮೆ ಮಾಡುವುದು ಅದರ ಉದ್ದೇಶ ಎಂದು ಹಿರಿಯರು ಹೇಳುತ್ತಾರೆ. ಕಾಡು ವನ್ಯಧಾಮವಾದ ಮೇಲೆ ಜಾಗ ಬದಲಿಸುತ್ತ ಮಾಡುವ ಕೊತ್ತುಕಾಡು ಬೇಸಾಯವೂ ತರಗು ಬೆಂಕಿಯೂ ನಿಂತವು. ಆ ಕಾಲದ ಸಂರಕ್ಷಣೆಯ ತಿಳಿವಳಿಕೆಗೆ ಅದು ಸಹಜವಾದ ತೀರ್ಮಾನವಾಗಿತ್ತು.

ಅನಂತರ ಆದದ್ದನ್ನು ನೋಡಬೇಕು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಕಡೆಯಿಂದ ಅಂದದ ಗಿಡವೆಂದು ಭಾರತಕ್ಕೆ ಬಂದ ಲಂಟಾನ ಈ ಕಾಡಿನೊಳಕ್ಕೆ ಮೊದಲೇ ನುಗ್ಗಿತ್ತು. ಸಂಶೋಧಕರು ಇದೇ ಕಾಡಿನಲ್ಲಿ ಗುರುತು ಮಾಡಿದ ಸಮೀಕ್ಷಾ ತಾಣಗಳಲ್ಲಿ 1997ರಲ್ಲಿ ನೂರಕ್ಕೆ ಸುಮಾರು 40ರಲ್ಲಿ ಲಂಟಾನ ಇತ್ತು. 2008ರಲ್ಲಿ ಮರಳಿ ನೋಡಿದಾಗ ಅದು ಸುಮಾರು 80ಕ್ಕೆ ಏರಿತ್ತು. ದಾರಿ ಬಿಟ್ಟು ಹತ್ತು ಹೆಜ್ಜೆ ಒಳಗೆ ಇಟ್ಟವರಿಗೆ ಈ ಅಂಕಿಯ ಅರ್ಥ ಕೂಡಲೇ ತಿಳಿಯುತ್ತದೆ: ತಲೆಯ ಮೇಲೆ ಕಮಾನಿನಂತೆ ಹೆಣೆದುಕೊಂಡ ಕಡ್ಡಿಗಳು, ಅಂಗಿಯ ತೋಳನ್ನು ಹಿಡಿದೆಳೆಯುವ ಸಣ್ಣ ಮುಳ್ಳುಗಳು, ಉಜ್ಜಿದ ಎಲೆಯ ಘಾಟು ವಾಸನೆ, ಕೆಳಗೆ ಒಂದೇ ಒಂದು ಹುಲ್ಲಿನ ಎಸಳೂ ಇಲ್ಲದ ಬರಿನೆಲ. ಹುಲ್ಲಿಲ್ಲವೆಂದರೆ ಜಿಂಕೆಗೆ, ಕಾಟಿಗೆ ಮೇವಿಲ್ಲ. ಮೇಲಾಗಿ ಆ ಒಣ ಪೊದೆಗೆ ಬೆಂಕಿ ಬಿದ್ದರೆ ಅದು ನೆಲದ ಬೆಂಕಿಯಾಗಿ ಉಳಿಯುವುದಿಲ್ಲ, ಲಂಟಾನವನ್ನೇ ಏಣಿ ಮಾಡಿಕೊಂಡು ಮರ ಹತ್ತುತ್ತದೆ. ತಾವು ಕಂಡು ನೊಂದ ಬೆಂಕಿಗೂ ತರಗು ಬೆಂಕಿ ನಿಂತುಹೋದದ್ದಕ್ಕೂ ಇರುವ ನಂಟು ಇದು.

ನೆಲ್ಲಿಯ ಉದಾಹರಣೆ ಇನ್ನೂ ಸೂಕ್ಷ್ಮವಾದದ್ದು. ಕಾಡುನೆಲ್ಲಿಯ ಕೊಂಬೆಗಳ ಮೇಲೆ ಬದನಿಕೆ ಬೆಳೆಯುತ್ತದೆ, ಸೋಲಿಗರು ಅದನ್ನು ಉಪ್ಪಿಲು ಎನ್ನುತ್ತಾರೆ. ಅದರ ಬೀಜಕ್ಕೆ ಗೋಂದಿನಂತಹ ಅಂಟು ಇದೆ. ಹಣ್ಣು ತಿಂದ ಬದನಿಕೆಹಕ್ಕಿ ಹಿಕ್ಕೆ ಹಾಕುವಾಗ ಬೀಜ ಉದುರದೆ ಹಿಂಬದಿಗೆ ಅಂಟಿಕೊಳ್ಳುತ್ತದೆ. ಹೆಬ್ಬೆರಳಿನಷ್ಟೇ ಗಾತ್ರದ ಆ ಹಕ್ಕಿ ಅದನ್ನು ಬಿಡಿಸಿಕೊಳ್ಳಲು ಕೊಂಬೆಯ ಮೇಲೆ ಕುಳಿತು ಆಚೆಗೊಮ್ಮೆ ಈಚೆಗೊಮ್ಮೆ ಉಜ್ಜುತ್ತದೆ. ಬೀಜ ಕೊಂಬೆಗೆ ಅಂಟುತ್ತದೆ, ಅಲ್ಲಿಯೇ ಮೊಳೆತು ಮರದ ರಸ ಹೀರತೊಡಗುತ್ತದೆ. ಉಪ್ಪಿಲು ಹೆಚ್ಚಿದ ಮರ ಕಾಯಿ ಬಿಡುವುದು ಕಡಿಮೆಯಾಗಿ ಕೊನೆಗೆ ಒಣಗುತ್ತದೆ. ತರಗು ಬೆಂಕಿಯ ಬಿಸಿ ಮತ್ತು ಹೊಗೆ ಉಪ್ಪಿಲನ್ನು ಹತೋಟಿಯಲ್ಲಿ ಇಡುತ್ತಿತ್ತು, ಬೆಂಕಿ ನಿಂತ ಮೇಲೆ ಅದು ವಿಪರೀತವಾಯಿತು ಎಂದು ಸೋಲಿಗರು ಬಹುಕಾಲದಿಂದ ಹೇಳುತ್ತ ಬಂದರು. ಅವರ ಈ ಮಾತನ್ನು ಪರಿಸರ ವಿಜ್ಞಾನಿಗಳು ಗಂಭೀರವಾಗಿ ತೆಗೆದುಕೊಂಡು ಅಧ್ಯಯನ ಮಾಡಿದ್ದು ಬಹಳ ತಡವಾಗಿ.

ಹಾಗಾದರೆ ನಾಳೆಯೇ ಕಡ್ಡಿ ಗೀರಬಹುದೇ? ಖಂಡಿತ ಕೂಡದು. ಇಷ್ಟು ಲಂಟಾನ ತುಂಬಿದ ಕಾಡಿನಲ್ಲಿ ಹಳೆಯ ತರಗು ಬೆಂಕಿ ಹಳೆಯ ರೀತಿಯಲ್ಲಿ ವರ್ತಿಸುವುದಿಲ್ಲ. ಮೊದಲು ಪೊದೆ ತೆಗೆಯಬೇಕು, ಅನಂತರ ಎಲ್ಲಿ, ಯಾವ ವಾರ, ಎಷ್ಟು ಎಂಬುದನ್ನು ಬಲ್ಲವರ ಜೊತೆ ಕುಳಿತು ತೀರ್ಮಾನಿಸಬೇಕು. ಶಿರಸಿಯ ಮಳೆಕಾಡಿಗೆ ಈ ಮಾತು ಅನ್ವಯಿಸುವುದೂ ಇಲ್ಲ, ನಾವು ಹೇಳುತ್ತಿರುವುದು ಎಲೆ ಉದುರುವ ಕಾಡಿನ ಸಂಗತಿ. ಕಾಡಿಗೆ ಬೆಂಕಿ ಹಾಕುವುದು ಶಿಕ್ಷಾರ್ಹ ಅಪರಾಧ ಎಂಬುದನ್ನು ಕಳೆದ ಸಂಚಿಕೆಯಲ್ಲಿಯೇ ಸೇರಿಸಬೇಕಿತ್ತು. ಆ ತಪ್ಪು ನಮ್ಮದು.

ಪ್ರಶ್ನೆ: ಜನ ಇದ್ದ ಕಾಡಿನಲ್ಲಿ ಹುಲಿ ಉಳಿಯುವುದಿಲ್ಲ ಎನ್ನುತ್ತಾರೆ. ಬಿಳಿಗಿರಿಯಲ್ಲಿ ಎರಡೂ ಹೆಚ್ಚಿದವೇ? ಅಲ್ಲಿನ ಸೋಲಿಗರ ಅರಣ್ಯ ಹಕ್ಕಿನ ವಿಷಯವನ್ನೂ ವಿವರಿಸಿ. (ಕಾನೂನು ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಹುಲಿ ಸಂರಕ್ಷಿತ ಪ್ರದೇಶದ ಒಳಗೂ ಅಂಚಿನಲ್ಲಿಯೂ ಅರವತ್ತರ ಆಸುಪಾಸಿನಲ್ಲಿ ಸೋಲಿಗರ ಪೋಡುಗಳಿವೆ. 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ 2011ರ ಅಕ್ಟೋಬರ್ 2ರಂದು ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಪತ್ರ ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲಿಯೇ ಮೊದಲು. ಜೇನು, ನೆಲ್ಲಿ, ಪಾಚಿ ಮುಂತಾದ ಕಿರು ಉತ್ಪನ್ನಗಳ ಸಂಗ್ರಹಕ್ಕೆ ವನ್ಯಜೀವಿ ಕಾಯ್ದೆಯ ತಿದ್ದುಪಡಿಯ ನಂತರ ಬಿದ್ದಿದ್ದ ತಡೆ ಹೀಗೆ ಕಾನೂನಿನ ದೃಷ್ಟಿಯಿಂದ ತೆರವಾಯಿತು. ಕಾಗದದ ಮೇಲೆ ತೆರವಾದದ್ದು ಕಾಡಿನ ದಾರಿಯಲ್ಲಿ ತೆರವಾಗಲು ಹಿಡಿಯುವ ಕಾಲ ತಾವು ಓದುತ್ತಿರುವ ವಿಷಯವೇ ಆಗಿರುವುದರಿಂದ ಹೆಚ್ಚು ಹೇಳುವುದಿಲ್ಲ.

ಹುಲಿಗಳ ಸಂಖ್ಯೆ 2010ರ ಅಂದಾಜಿನಲ್ಲಿ 35 ಇದ್ದದ್ದು 2014ರ ಅಂದಾಜಿನಲ್ಲಿ 68ಕ್ಕೆ ಏರಿತು. ಸೋಲಿಗರ ಪರವಾಗಿ ಮಾತನಾಡುವವರು ಈ ಅಂಕಿಯನ್ನು ಎತ್ತಿ ತೋರಿಸುತ್ತಾರೆ. ಆದರೆ ಅಂದಾಜಿನ ವಿಧಾನ ಕಾಲಕ್ಕೆ ತಕ್ಕಂತೆ ಸುಧಾರಿಸಿದೆ, ಹುಲಿಗಳು ಪಕ್ಕದ ಸತ್ಯಮಂಗಲದ ಕಾಡಿಗೂ ಇಲ್ಲಿಗೂ ಓಡಾಡುತ್ತವೆ, ಕಾವಲೂ ಬಿಗಿಯಾಗಿದೆ. ಆದ್ದರಿಂದ ಹಕ್ಕುಪತ್ರ ಕೊಟ್ಟದ್ದಕ್ಕೇ ಹುಲಿ ಹೆಚ್ಚಿತು ಎಂದು ಹೇಳುವುದು ಅತಿಯಾದೀತು. ಜನರಿದ್ದರೂ ಹುಲಿ ಹೆಚ್ಚಲು ಸಾಧ್ಯವಾಯಿತು ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು, ವಾದಕ್ಕೆ ಅಷ್ಟು ಸಾಕು.

ತಮ್ಮ ಅಧ್ಯಯನಕ್ಕೆ ನೆರವಾಗಬಹುದಾದ ಇನ್ನೊಂದು ಸಂಗತಿಯಿದೆ. ಹಕ್ಕು ಕೇಳುವಾಗ ‘ಇದು ನಿಮ್ಮ ಕಾಡು ಎನ್ನುವುದಕ್ಕೆ ಗುರುತೇನು’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸೋಲಿಗರ ಪ್ರತಿ ಕುಲಕ್ಕೂ ಕಾಡಿನಲ್ಲಿ ತನ್ನದೇ ಎಲ್ಲೆ ಇದೆ, ಎಲ್ಲೆಯೊಳಗೆ ಐದು ಬಗೆಯ ಪವಿತ್ರ ತಾಣಗಳಿವೆ: ದೇವರು, ಮಾರಮ್ಮ, ಉಗ್ರಶಕ್ತಿಯಾದ ವೀರು, ಸತ್ತ ಹಿರಿಯರ ನೆನಪಿನ ಕಲ್ಲುಗುಡಿ, ನೀರಿನ ಸೆಲೆಯಾದ ಅಬ್ಬಿ. ಹಿರಿಯರು ಸಂಶೋಧಕರೊಡನೆ ಕಾಡೆಲ್ಲ ನಡೆದು ಇಂಥ ತಾಣಗಳನ್ನು ಒಂದೊಂದಾಗಿ ನಕ್ಷೆಗೆ ಏರಿಸಿದಾಗ ಅವುಗಳ ಸಂಖ್ಯೆ ಐನೂರರ ಹತ್ತಿರ ಬಂತು. ಹೊರಗಿನವರ ನಕ್ಷೆಯಲ್ಲಿ ವಲಯ, ಬ್ಲಾಕ್, ಸರ್ವೆ ನಂಬರುಗಳಿದ್ದ ಜಾಗದಲ್ಲಿ ಅಜ್ಜಂದಿರ ಹೆಸರುಗಳೂ ದೇವತೆಗಳ ಹೆಸರುಗಳೂ ಮೂಡಿದವು. ಕಥೆ ಎಂದು ನಾವು ಬದಿಗಿಟ್ಟದ್ದು ಅಲ್ಲಿ ದಸ್ತಾವೇಜಾಗಿ ನಿಂತಿತು. ಇನ್ನು ಹುಲಿಯ ಮಾತಿಗೆ ಬಂದರೆ, ಅದು ಮಾದಪ್ಪನ ವಾಹನ, ಹುಲಿವೀರಪ್ಪನೆಂಬ ದೈವವೂ ಹೌದು. ಪೂಜಿಸುವ ಪ್ರಾಣಿಯನ್ನು ಅಂಜದೆ ನಂಬುತ್ತಾರೆ ಎಂದಲ್ಲ, ಅದರ ದಾರಿಗೆ ಅಡ್ಡ ಬಾರದೆ ಬದುಕುವುದನ್ನು ಕಲಿತಿದ್ದಾರೆ. ಸೋಲಿಗರನ್ನು ಕೇಳಿದರೆ ಹುಲಿಗಿಂತ ಕರಡಿಯ ಭಯವೇ ಹೆಚ್ಚು ಎನ್ನುತ್ತಾರೆ. ಪೊದೆಯ ತಿರುವಿನಲ್ಲಿ ಎದುರಾದ ಕರಡಿ ಮೊದಲು ಕೈ ಹಾಕುವುದು ಮುಖಕ್ಕೆ.

ಪ್ರಶ್ನೆ: ನಾನು ಚಾಮರಾಜನಗರ–ಸತ್ಯಮಂಗಲ ಹೆದ್ದಾರಿಯಲ್ಲಿ ಕಬ್ಬಿನ ಲಾರಿ ಓಡಿಸುತ್ತೇನೆ. ಆನೆಗಳು ರಸ್ತೆಗೆ ಬಂದು ಲಾರಿ ನಿಲ್ಲಿಸುತ್ತವೆ. ನಾವು ನಾಲ್ಕು ಜಲ್ಲೆ ಎಸೆದು ದಾಟಿಕೊಳ್ಳುತ್ತೇವೆ. ಇದರಲ್ಲಿ ತಪ್ಪೇನಿದೆ? (ಓದುಗರೊಬ್ಬರು, ನಂಜನಗೂಡು)

ಉತ್ತರ: ತಪ್ಪು ತಮ್ಮದಲ್ಲದಿದ್ದರೂ ನಷ್ಟ ಕೊನೆಗೆ ತಮಗೇ. ಪುಣಜನೂರಿನ ಆಚೆಗಿನ ತನಿಖಾ ಠಾಣೆಗಳಲ್ಲಿ ಎತ್ತರ ಮೀರಿದ ಹೊರೆಯನ್ನು ಇಳಿಸುವಾಗ ರಸ್ತೆ ಬದಿಗೆ ಬಿದ್ದ ಕಬ್ಬಿನ ರುಚಿ ಆನೆಗಳಿಗೆ ಹತ್ತಿತು. ಕಾಡಿನಲ್ಲಿ ದಿನವಿಡೀ ತಿರುಗಿ ಸಂಪಾದಿಸಬೇಕಾದ ಸಿಹಿ ಲಾರಿಯ ಮೇಲೆ ಕಟ್ಟಿಟ್ಟು ಬರುವಾಗ ಯಾವ ಆನೆ ತಾನೇ ಬಿಟ್ಟೀತು? ತಾಯಿ ಮಾಡಿದ್ದನ್ನು ಮರಿ ಕಲಿಯುತ್ತದೆ. ಇಂದು ತಾವು ಎಸೆದ ನಾಲ್ಕು ಜಲ್ಲೆ ನಾಳೆ ಇನ್ನೊಬ್ಬ ಚಾಲಕನಿಂದ ತೆರಿಗೆಯಂತೆ ವಸೂಲಾಗುತ್ತದೆ, ಕೊಡದವನ ಗಾಜು ಒಡೆಯುತ್ತದೆ. ಹೊರೆಯನ್ನು ಮಿತಿಯಲ್ಲಿರಿಸಿ, ಟಾರ್ಪಾಲು ಬಿಗಿದು, ಕತ್ತಲಾಗುವ ಮೊದಲು ದಾಟಿಕೊಳ್ಳಿ. ಆನೆ ನಿಂತಿದ್ದರೆ ಹಾರನ್ ಒತ್ತದೆ, ಎಂಜಿನ್ ಗರ್ಜಿಸದೆ, ದೂರದಲ್ಲಿಯೇ ಕಾಯಿರಿ.

ಆ ರಸ್ತೆ ಹಾಯುವುದು ಆನೆಗಳ ಹಳೆಯ ದಾರಿಯ ಮೇಲೆ ಎಂಬುದನ್ನೂ ನೆನಪಿಡಬೇಕು. ಬಿಳಿಗಿರಿಯ ಆನೆಗಳು ಒಂದು ಕಡೆ ತಲಮಲೆ, ಸತ್ಯಮಂಗಲದ ಕಾಡಿಗೂ ಇನ್ನೊಂದು ಕಡೆ ಮಲೆ ಮಹದೇಶ್ವರದ ಕಾಡಿಗೂ ಹೋಗಿ ಬರುತ್ತವೆ. ಕೊಳ್ಳೇಗಾಲದ ಕಡೆಯ ಎಡೆಯರಹಳ್ಳಿ–ದೊಡ್ಡಸಂಪಿಗೆ ದಾರಿ ಕಿರಿದಾಗಿ ಮುಚ್ಚುವ ಹಂತಕ್ಕೆ ಬಂದಾಗ ಸುಮಾರು 25 ಎಕರೆ ಜಮೀನನ್ನು ರೈತರಿಂದ ಹಣ ಕೊಟ್ಟು ಕೊಂಡು ಆನೆಗಳಿಗೆ ಬಿಡಿಸಬೇಕಾಯಿತು. ಕಾಲ ಹೇಗೆ ತಿರುಗಿತು ನೋಡಿ. ಇದೇ ಸೀಮೆಯ ಹೊನ್ನುಹೊಳೆಯ ದಡದ ಕರಡಿಹಳ್ಳಿಯ ಬಳಿ 1874ರಲ್ಲಿ ಸ್ಯಾಂಡರ್‌ಸನ್ ಎಂಬ ಇಂಗ್ಲಿಷ್ ಅಧಿಕಾರಿ ಮೈಸೂರು ಸಂಸ್ಥಾನದ ಪರವಾಗಿ ಕಾಡಾನೆ ಹಿಡಿಯುವ ಖೆಡ್ಡಾ ನಡೆಸಿದ್ದನು. ಆನೆಗಳು ದಾಟುವ ಹಾದಿಯನ್ನು ಮೊದಲೇ ಅರಿತು ಅಲ್ಲಿ ಕಂದಕ ತೋಡಿ ಹಿಂಡನ್ನು ಕೂಡಿಹಾಕಿದ್ದೇ ಅವನ ಯಶಸ್ಸಿನ ಗುಟ್ಟು. ಅವು ಅಂದಿನಿಂದ ದಾರಿಯನ್ನು ಬದಲಿಸಿಲ್ಲ.

ಪ್ರಶ್ನೆ: ಸೋಲಿಗರ ಹೆಸರನ್ನು ಯಾವುದೋ ಕಪ್ಪೆಗೆ ಇಟ್ಟಿದ್ದಾರಂತೆ. ಮಗಳ ಶಾಲೆಯ ಯೋಜನಾ ಕಾರ್ಯಕ್ಕೆ ಬೇಕಾಗಿದೆ. (ಕನ್ನಡಿಗರೊಬ್ಬರು, ಸಿಂಗಪುರ)

ಉತ್ತರ: ಅದರ ವೈಜ್ಞಾನಿಕ ಹೆಸರು ಮೈಕ್ರೋಹೈಲಾ ಶೋಲಿಗಾರಿ. ಬಿಳಿಗಿರಿ ಬೆಟ್ಟದಲ್ಲಿ ಸಿಕ್ಕ ಈ ಕಿರುಬಾಯಿಯ ಕಪ್ಪೆಯನ್ನು 2000ನೇ ಇಸವಿಯಲ್ಲಿ ವಿಜ್ಞಾನಕ್ಕೆ ಹೊಸದೆಂದು ವಿವರಿಸಿದವರು, ಅಲ್ಲಿನ ಮೂಲನಿವಾಸಿಗಳ ಗೌರವಾರ್ಥ ಆ ಹೆಸರಿಟ್ಟರು. ಗಾತ್ರ ಬೆರಳ ತುದಿಯಷ್ಟು. ಕಣ್ಣಿಗೆ ಬೀಳುವುದಕ್ಕಿಂತ ಮೊದಲ ಮಳೆಯ ರಾತ್ರಿ ಕಿವಿಗೆ ಬೀಳುವುದೇ ಹೆಚ್ಚು. ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಯಲ್ಲಿದೆ ಎಂಬುದನ್ನೂ ಮಗಳು ಬರೆಯಲಿ. ಸೋಲಿಗರ ನುಡಿ ಕನ್ನಡಕ್ಕೆ ಹತ್ತಿರದ ದ್ರಾವಿಡ ನುಡಿ ಎಂಬ ಒಂದು ಸಾಲನ್ನು ಸೇರಿಸಿದರೆ ಅಲ್ಲಿನ ಗುರುಗಳಿಗೂ ಕುತೂಹಲವಾದೀತು.

ಪ್ರಶ್ನೆ: ಸೋಲಿಗರ ಹೊಸ ರಾಗಿಯ ರೊಟ್ಟಿ ಹಬ್ಬಕ್ಕೆ ನಾವು ಹೋಗಬಹುದೇ? ಗೊರುಕನ ನೃತ್ಯ ನೋಡುವ ಆಸೆ. (ಓದುಗರ ಗುಂಪು, ತುಮಕೂರು)

ಉತ್ತರ: ಅದು ಪ್ರದರ್ಶನವಲ್ಲ, ಮನೆಯ ಹಬ್ಬ. ಹೊಸ ರಾಗಿಯ ಹಿಟ್ಟನ್ನು ಎಲೆಯ ಮೇಲೆ ತಟ್ಟಿ ಕೆಂಡದಲ್ಲಿ ಸುಟ್ಟು ಮೊದಲು ದೇವರಿಗೆ ಕೊಟ್ಟು, ಅನಂತರ ಎಲ್ಲರೂ ಹಂಚಿಕೊಂಡು ತಿಂದು, ಇರುಳಿಡೀ ಗಂಡಸರೂ ಹೆಂಗಸರೂ ಸುತ್ತುಗಟ್ಟಿ ಕುಣಿಯುತ್ತಾರೆ. ಪೋಡಿನಲ್ಲಿ ಪರಿಚಯದವರಿದ್ದು, ಅವರು ಕರೆದರೆ ಹೋಗಿ. ಮೂವತ್ತು ಜನರ ಬಸ್ಸು ಮಾಡಿಕೊಂಡು ಹೋಗಬೇಡಿ.

ಪ್ರಶ್ನೆ: ಬಿಳಿಗಿರಿಯ ಹೊನ್ನಮೇಟಿ ಕಲ್ಲಿನೊಳಗೆ ಚಿನ್ನವಿದೆ ಎನ್ನುವುದು ನಿಜವೇ? (ಓದುಗರೊಬ್ಬರು, ಕೋಲಾರ)

ಉತ್ತರ: ಕೋಲಾರದವರೇ ಇದನ್ನು ಕೇಳಿದ್ದು ನಮಗೆ ನಗು ತರಿಸಿತು. ಅತ್ತಿಖಾನೆಯ ಸುತ್ತಮುತ್ತಲಿನ ಆ ಎತ್ತರದ ಭಾಗದಲ್ಲಿ ಒಂದು ಕಾಲಕ್ಕೆ ಸ್ಕಾಟ್‌ಲೆಂಡ್ ಮೂಲದ ಮಾರಿಸ್ ಕುಟುಂಬದ ಕಾಫಿ ತೋಟವಿತ್ತು. ಅವರು ಕಾಫಿ ಬೆಳೆದರು, ಹಕ್ಕಿ ಪ್ರಾಣಿಗಳ ಬಗ್ಗೆ ಬರೆದಿಟ್ಟರು. ಚಿನ್ನ ಅಗೆಯಲಿಲ್ಲ. ಕಲ್ಲಿನ ಮಾತು ಹೀಗೆ: ಸಣ್ಣ ಕಲ್ಲೊಂದರಿಂದ ಆ ಬಂಡೆಯನ್ನು ಕುಟ್ಟಿದರೆ ಬಂಡೆಯ ಮಂಕು ಸದ್ದು ಬರುವುದಿಲ್ಲ, ಕಂಚಿನ ಪಾತ್ರೆಗೆ ತಾಗಿದಂತೆ ಲೋಹದ ದನಿ ಹೊರಡುತ್ತದೆ. ಲೋಹದ ದನಿ ಬಂದ ಮೇಲೆ ಒಳಗೆ ಹೊನ್ನಿರಲೇಬೇಕು ಎಂದು ಸೋಲಿಗರು ತೀರ್ಮಾನಿಸಿದರು. ಗಟ್ಟಿಯಾದ ಶಿಲೆ ಬುಡದಲ್ಲಿ ಸಡಿಲವಾಗಿ, ಕೆಲವೇ ಬಿಂದುಗಳ ಮೇಲೆ ಕುಳಿತಿದ್ದರೆ ಗಂಟೆಯಂತೆ ಕಂಪಿಸುವುದುಂಟು, ನಮ್ಮ ನಾಡಿನಲ್ಲಿಯೇ ಇಂಥ ದನಿಗಲ್ಲುಗಳು ಬೇರೆಡೆಯೂ ಇವೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿಗೆ ಹೋಗುವಂತಿಲ್ಲ. ಅನುಮತಿ ಸಿಕ್ಕಿ ಹೋದವರು ಸುತ್ತಿಗೆ ಒಯ್ಯುವ ಅಗತ್ಯವಿಲ್ಲ: ಬಂಡೆಯ ಮೇಲೆಯೇ ಹಿಂದೆ ಬಂದವರು ಕುಟ್ಟಿ ಬಿಟ್ಟುಹೋದ ಮುಷ್ಟಿಗಾತ್ರದ ಕಲ್ಲು ಸಿಗುತ್ತದೆ.